ರಾಯರು ತಿರುಗಿಸಿದ ಬೀದಿ

ಆವತ್ತು ಬೆಳಿಗ್ಗೆ ಚೌಕಟ್ಟು ರಾಯರು ಕಾಫಿ ಲೋಟವನ್ನು ಟಣ್ ಎಂದು ಮೇಜಿನ ಮೇಲಿಟ್ಟು, ಎದ್ದು ನಿಂತು, ಷರಟಿನ ಕಾಲರು ಸರಿಪಡಿಸಿಕೊಂಡು ಒಂದು ಘೋಷಣೆ ಹೊರಡಿಸಿದರು. ಇವತ್ತು ಸಂಗ್ರಹಾಲಯಕ್ಕೆ ಬರುವ ಜನ ಚಿತ್ರಗಳನ್ನು ನೋಡುವುದಿಲ್ಲ, ಚಿತ್ರಗಳ ಸುತ್ತ ಇರುವ ಕಟ್ಟನ್ನು ನೋಡುತ್ತಾರೆ. ನೋಡಿ ಬೆರಗಾಗುತ್ತಾರೆ. ಯಾರಪ್ಪಾ ಈ ಪುಣ್ಯಾತ್ಮ ಎಂದು ಪಕ್ಕದವರನ್ನು ಕೇಳುತ್ತಾರೆ. ಆಗಲೂ ತಾವು ತುಟಿ ಬಿಚ್ಚುವುದಿಲ್ಲ. ಕೈ ಹಿಂದಕ್ಕೆ ಕಟ್ಟಿಕೊಂಡು ಒಂದು ಮೂಲೆಯಲ್ಲಿ ಸುಮ್ಮನೆ ನಿಂತಿರುತ್ತಾರೆ, ಅಷ್ಟೇ.

"ಸುಮ್ನೆ ಇರ್ತೀರಾ? ನೀವು?" ಎಂದರು ಹೆಂಡತಿ, ಲೋಟ ಇಟ್ಟ ಕಡೆ ಚೆಲ್ಲಿದ ಕಾಫಿ ಒರೆಸುತ್ತಾ.

ಅಷ್ಟರಲ್ಲಿ ರಾಯರು ಅಲ್ಲಿರಲಿಲ್ಲ. ಹೆಂಡತಿಯ ಮಾತು ಮುಗಿಯುವಷ್ಟರಲ್ಲಿ ಇನ್ನೊಂದು ಕೋಣೆಯಲ್ಲಿರುವುದು ಅವರಿಗೆ ಮೊದಲಿನಿಂದ ಬಂದ ಅಭ್ಯಾಸ.

ರಾಯರದು ಫೋಟೋಗೆ ಕಟ್ಟು ಹಾಕುವ ಅಂಗಡಿ. ರಸ್ತೆಯ ಕಡೆಗೆ ಅಂಗಡಿ, ಹಿಂದುಗಡೆಗೆ ಮನೆ, ನಡುವೆ ಒಂದು ಪರದೆ. ಫೋಟೋ ಇರಲಿ, ಚಿತ್ರವಿರಲಿ, ಕನ್ನಡಿಯಿರಲಿ, ಮರದ ಪಟ್ಟಿ ಕೊಯ್ದು, ಮೂಲೆಗೆ ಮೂಲೆ ಕೂಡಿಸಿ, ನಡುವೆ ಕೂದಲೂ ತೂರದ ಹಾಗೆ ಬಿಗಿ ಮಾಡುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಹಾಗೆಂದು ಬೇರೆ ಯಾರೂ ಹೇಳಿದ್ದಲ್ಲ, ಅವರೇ ಹೇಳಿಕೊಂಡದ್ದು. ಆದರೆ ಸುಳ್ಳಲ್ಲ. ತೊಂದರೆ ಏನೆಂದರೆ, ಈಚೆಗೆ ಜನ ತಮ್ಮ ಮದುವೆ, ಮಕ್ಕಳು, ತೀರಿಕೊಂಡ ಅಜ್ಜ ಎಲ್ಲರನ್ನೂ ಫೋನಿನೊಳಗೆ ಹಾಕಿಕೊಂಡು ಜೇಬಿನಲ್ಲಿಟ್ಟು ತಿರುಗುತ್ತಾರೆ. ಗೋಡೆಗೆ ಮೊಳೆ ಹೊಡೆಯುವವರೇ ಇಲ್ಲ. ರಾಯರು ಅಂಗಡಿಯಲ್ಲಿ ಕೂತು ನೊಣ ಹೊಡೆಯುವುದರಲ್ಲೂ ಸಾಕಷ್ಟು ಪಳಗಿದ್ದರು.

ಅಂಥ ಹೊತ್ತಿನಲ್ಲಿ ಸಂಗ್ರಹಾಲಯದ ಕೆಲಸ ಬಂದಿತ್ತು. ನಗರದ ಬೀದಿಗಳನ್ನು ಕುರಿತು ಬರೆದ ಚಿತ್ರಗಳ ದೊಡ್ಡ ಪ್ರದರ್ಶನ. ಅಷ್ಟಕ್ಕೂ ಕಟ್ಟು ಹಾಕಬೇಕು. ಸಂಗ್ರಹಾಲಯದ ಮುಖ್ಯಸ್ಥೆ, ಎಲ್ಲರೂ ದೊಡ್ಡ ಮೇಡಂ ಎಂದು ಕರೆಯುವ ಆಕೆ, ಖುದ್ದಾಗಿ ಅಂಗಡಿಗೆ ಬಂದು ಒಂದು ಮಾತು ಹೇಳಿದ್ದರು: ಇದೊಂದು ಒಪ್ಪವಾಗಿ ಬಂದರೆ ಇನ್ನು ಮುಂದೆ ಸಂಗ್ರಹಾಲಯದ ಎಲ್ಲ ಚಿತ್ರಗಳೂ ನಿಮ್ಮ ಅಂಗಡಿಗೇ, ಪ್ರದರ್ಶನ ಶುರುವಾಗುವ ದಿನ ಎಲ್ಲರ ಎದುರು ಹೇಳುತ್ತೇನೆ. ಬಾರದಿದ್ದರೆ ಏನು ಎಂಬುದನ್ನು ಅವರು ಹೇಳಲಿಲ್ಲ. ರಾಯರಿಗೆ ಅದು ಹೇಳದೆಯೇ ಗೊತ್ತಿತ್ತು. ಅಂಗಡಿಯ ಷಟರು ಎಳೆದು, ಬೀಗ ಹಾಕಿ, ಕೀಲಿಕೈಯನ್ನು ಎಲ್ಲಿಟ್ಟೆ ಎಂದು ಮರೆತುಬಿಡುವುದು.

ಹಾಗಾಗಿ ಊರಿನ ಬೀದಿಗಳೆಲ್ಲ ಮನೆಯೊಳಗೆ ಬಂದವು. ಮಂಚದ ಮೇಲೆ ತರಕಾರಿ ಮಾರುಕಟ್ಟೆ, ಫ್ರಿಜ್ಜಿನ ಮೇಲೆ ಬಸ್ ನಿಲ್ದಾಣ, ಬಚ್ಚಲಮನೆಯ ಬಾಗಿಲಿಗೆ ಒರಗಿಸಿದ ಕ್ಷೌರದಂಗಡಿ. ರಾಯರ ಹೆಂಡತಿ ನಾಲ್ಕು ರಸ್ತೆ ದಾಟಿಕೊಂಡು ಅಡುಗೆಮನೆ ಸೇರಬೇಕಾಗಿತ್ತು. ಆದರೆ ತಮ್ಮ ಮನೆಯಲ್ಲಿ ಇಷ್ಟೊಂದು ಜನಸಂದಣಿ ಇದೆ ಎಂಬುದು ರಾಯರಿಗೆ ಗೊತ್ತೇ ಇರಲಿಲ್ಲ. ಅವರು ಚಿತ್ರ ನೋಡುವವರಲ್ಲ, ಅಳತೆ ನೋಡುವವರು.

"ಆ ಎರಡು ಬೈ ಮೂರು ಎಲ್ಲಿಟ್ಟೆ?" ಎಂದು ಕೂಗುತ್ತಿದ್ದರು.

"ಯಾವುದು, ಆ ಹೂ ಮಾರೋ ಮುದುಕಿನಾ?"

"ಮುದುಕಿ ಯಾರೇ? ನಾನು ಎರಡು ಬೈ ಮೂರು ಕೇಳಿದ್ದು."

ಎಲ್ಲಕ್ಕಿಂತ ಕೊನೆಗೆ ಬಂದದ್ದು ಒಂದು ಮೂರು ಬೈ ನಾಲ್ಕು. ಅದನ್ನು ಬರೆದ ಚಿತ್ರಗಾರ್ತಿ, ಬೆಳ್ಳಿಕೂದಲಿನ ಮೃದುಮಾತಿನ ಹೆಂಗಸು, ತಾವೇ ಹೊತ್ತು ತಂದಿದ್ದರು. ರಾಯರು ಗರಗಸದ ಕೆಲಸದಲ್ಲಿದ್ದರು. ಆಕೆ ಚಿತ್ರ ತೋರಿಸಿ ಏನೇನೋ ವಿವರಿಸಿದರು. ರಾಯರು ಗರಗಸದ ಸದ್ದಿನ ನಡುವೆ ಹ್ಞೂಂ ಹ್ಞೂಂ ಎಂದು ತಲೆಯಾಡಿಸಿದರು. ಕೇಳಿಸಿಕೊಂಡದ್ದು ಪಕ್ಕದಲ್ಲಿ ಪಟ್ಟಿಗೆ ಉಪ್ಪುಕಾಗದ ಉಜ್ಜುತ್ತಿದ್ದ ಹೆಂಡತಿ. ಬೇರೆಲ್ಲೂ ಜಾಗವಿಲ್ಲದೆ ಆ ಚಿತ್ರ ಒಲೆಯ ಪಕ್ಕದ ಗೋಡೆಗೆ ಒರಗಿ ತನ್ನ ಸರದಿಗೆ ಕಾಯುತ್ತಾ ನಿಂತಿತು.

ಅದರ ಸರದಿ ಬಂದ ದಿನವೇ ಯಡವಟ್ಟಾದದ್ದು. ಕಟ್ಟು ಕೂಡಿಸಿ, ಬೆನ್ನಿಗೆ ಹಲಗೆ ಮುಚ್ಚುವ ಮುಂಚೆ ರಾಯರ ಕಣ್ಣು ಚಿತ್ರ ಬರೆದ ಬಟ್ಟೆಯ ಹಿಂಬದಿಯಲ್ಲಿ ಚಿತ್ರಗಾರ್ತಿ ಬರೆದಿದ್ದ ಬಾಣದ ಗುರುತಿನ ಮೇಲೆ ಬಿತ್ತು. ಮೇಲೆ ಯಾವ ಕಡೆ ಎಂದು ತೋರಿಸುವ ಬಾಣ. ಯಾಕೋ ಅನುಮಾನ ಬಂದು, ಜೀವಮಾನದಲ್ಲಿ ಮೊದಲ ಸಲ ಎಂಬಂತೆ, ಚಿತ್ರವನ್ನು ತಿರುಗಿಸಿ ನೋಡಿದರು. ಮಳೆ ನಿಂತ ಮೇಲಿನ ಒಂದು ಬೀದಿ. ಅಂಗಡಿಗಳು, ಒಂದು ಬಸ್ಸು, ಕೊಡೆ ಹಿಡಿದ ಒಬ್ಬ. ಅದರ ಕೆಳಗೆ ನಿಂತ ನೀರಿನಲ್ಲಿ ಅದೇ ಬೀದಿಯ ಬಿಂಬ. ಒಂದರ್ಧ ಗೆರೆ ಎಳೆದಂತೆ ನೆಟ್ಟಗಿದೆ, ಇನ್ನೊಂದರ್ಧ ಅಲೆಅಲೆಯಾಗಿ ನಡುಗುತ್ತಿದೆ. ಬಾಣವೋ, ನಡುಗುವ ಅರ್ಧ ಮೇಲಿರಬೇಕು ಎನ್ನುತ್ತಿದೆ.

ಇದೆಂಥ ಕಥೆ ಎಂದುಕೊಂಡರು ರಾಯರು. ನಡುಗುವುದು ನೀರು ತಾನೇ? ನೀರು ಬೀದಿಯ ತಲೆಯ ಮೇಲೆ ಹೇಗೆ ನಿಲ್ಲುತ್ತದೆ? ಪಾಪ, ಕಲಾವಿದರು, ಯಾವುದೋ ಲೋಕದಲ್ಲಿದ್ದು ಬಾಣವನ್ನು ತಿರುಗುಮುರುಗು ಹಾಕಿದ್ದಾರೆ. ತೂಗುಹಾಕುವ ತಂತಿಯ ಕೊಂಡಿಗಳನ್ನು ಅವರು ಧಾರಾಳ ಮನಸ್ಸಿನಿಂದ ಬಾಣಕ್ಕೆ ವಿರುದ್ಧದ ತುದಿಯಲ್ಲಿ ತಿರುಪಿ ಬಿಗಿ ಮಾಡಿದರು.

"ಬರೆದೋರೇ ತಪ್ಪು ಮಾಡಿದ್ರು, ನಾನು ಸರಿ ಮಾಡ್ದೆ," ಎಂದು ಹೆಂಡತಿಗೆ ಗುಟ್ಟಾಗಿ ಹೇಳಿದರು. "ಯಾರ ಹತ್ರಾನೂ ಬಾಯಿ ಬಿಡಬೇಡ. ಪಾಪ, ಆಯಮ್ಮನ ಮರ್ಯಾದೆ ಪ್ರಶ್ನೆ."

ಹೆಂಡತಿ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ರಾಯರು ವ್ಯಾನು ಕರೆತರಲು ಹೊರಟೇ ಬಿಟ್ಟಿದ್ದರು. ವ್ಯಾನಿನೊಂದಿಗೆ ಬರುವ ಹೊತ್ತಿಗೆ ಆಕೆ ಎಂದಿನಂತೆ ಬೆನ್ನಿಗೆ ಕಂದು ಟೇಪು ಅಂಟಿಸಿ, ಕಾಗದ ಸುತ್ತಿ, ದಾರ ಕಟ್ಟಿ ಇಟ್ಟಿದ್ದರು. ರಾಯರು ಚಿತ್ರಗಳನ್ನೆಲ್ಲ ಸಂಗ್ರಹಾಲಯಕ್ಕೆ ಸಾಗಿಸಿ, ಇಳಿಸಿಕೊಟ್ಟು, ಮೀಸೆ ತಿರುವುತ್ತಾ ಮನೆಗೆ ಬಂದರು. ಚಿತ್ರ ಇಳಿಸಲೆಂದು ಒಯ್ದಿದ್ದ ಅಂಗಡಿಯ ಸ್ಟೂಲನ್ನು ಬರುವಾಗ ಅಲ್ಲೇ ಮರೆತು ಬಂದದ್ದು ಮಾರನೇ ದಿನ ಕೂರಲು ಹೋದಾಗ ಗೊತ್ತಾಯಿತು.

ಇಷ್ಟು ಹಿನ್ನೆಲೆ. ಇನ್ನು ಸಂಗ್ರಹಾಲಯಕ್ಕೆ ಹೋಗೋಣ.

ಅಲ್ಲಿ ಮೆಟ್ಟಿಲ ಮೇಲೆ ರಾಯರ ಷಡ್ಡಕರು, ಅಂದರೆ ಅವರ ನಾದಿನಿಯ ಗಂಡ, ಕಾಯುತ್ತಿದ್ದರು. ಷಡ್ಡಕರು ಗ್ರಂಥಾಲಯದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಪುಸ್ತಕಗಳ ಬೆನ್ನು ಓದಿಯೇ ಸಕಲ ವಿದ್ಯೆ ಸಂಪಾದಿಸಿದವರು. ಸುತ್ತಿಗೆ ಹಿಡಿಯುವ ಕೈಗೂ ಕಲೆಗೂ ಬಹಳ ದೂರ ಎಂಬುದು ಅವರ ಗಟ್ಟಿ ಅಭಿಪ್ರಾಯ, ಮತ್ತು ಆ ಅಭಿಪ್ರಾಯವನ್ನು ರಾಯರ ಮನೆಯಲ್ಲಿ ಕೂತು, ರಾಯರ ಕಾಫಿ ಕುಡಿಯುತ್ತಲೇ ಹೇಳುವ ಧೈರ್ಯ ಅವರಿಗಿತ್ತು.

ಒಳಗೆ ಹೋದರೆ ಗೋಡೆ ತುಂಬ ಬೀದಿ. ರಾಯರ ಹೆಂಡತಿ ಒಂದೊಂದು ಚಿತ್ರದ ಮುಂದೆಯೂ ನಿಂತು, ಮನೆಗೆ ಬಂದು ಉಳಿದು ಹೋದ ನೆಂಟರನ್ನು ಮಾತಾಡಿಸುವಂತೆ ಮಾತಾಡಿಸಿದರು. ಇದು ನೋಡಿ ನಮ್ಮ ಕ್ಷೌರದಂಗಡಿ, ಬಚ್ಚಲಮನೆ ಹತ್ತಿರ ಇದ್ದಾಗ ಕತ್ತಲಿಗೆ ಇಷ್ಟು ಚೆನ್ನಾಗಿ ಕಾಣುತ್ತಿರಲಿಲ್ಲ ಎಂದರು. ಬಸ್ ನಿಲ್ದಾಣದ ಮೂಲೆಯಲ್ಲಿ ಚಪ್ಪಲಿ ಕಿತ್ತುಹೋಗಿ ನಿಂತಿರುವ ಹೆಂಗಸಿಗೆ ಇನ್ನೂ ಬಸ್ಸು ಸಿಕ್ಕಿಲ್ಲ ಪಾಪ ಎಂದರು. ರಾಯರು ಮಾತ್ರ ಮೂಲೆಗಳನ್ನೇ ನೋಡಿಕೊಂಡು ಬಂದರು. ಅವರು ನಿರೀಕ್ಷಿಸಿದ್ದ ಬೆರಗು ಯಾರ ಮುಖದಲ್ಲೂ ಕಾಣಲಿಲ್ಲ. ಒಬ್ಬ ಮಾತ್ರ ಒಂದು ಚಿತ್ರದ ಅಂಚಿಗೆ ಮೂಗು ತಾಗುವಷ್ಟು ಬಗ್ಗಿ ದಿಟ್ಟಿಸುತ್ತಿದ್ದ. ರಾಯರ ಎದೆ ಉಬ್ಬಿತು. ಆತ ಗಾಜಿನಲ್ಲಿ ತನ್ನ ಮುಖ ನೋಡಿಕೊಂಡು, ಹಲ್ಲಿನ ಸಂದಿ ಸ್ವಚ್ಛ ಮಾಡಿಕೊಂಡು ಮುಂದೆ ಹೋದ.

ಎರಡನೆಯ ಕೋಣೆಯ ಮೂಲೆಯಲ್ಲಿ ಒಂದಷ್ಟು ಜನ ವೃತ್ತಾಕಾರವಾಗಿ ನಿಂತಿದ್ದರು. ನಡುವೆ ನಾಲ್ಕು ಕಂಬಕ್ಕೆ ಕಟ್ಟಿದ ಕೆಂಪು ಹಗ್ಗ. ಹಗ್ಗದೊಳಗೆ ಒಂದು ಸ್ಟೂಲು. ಮೈತುಂಬ ಅಂಟು, ಬಣ್ಣ, ವಾರ್ನಿಷ್ ಕಲೆ. ಮೂರು ಕಾಲು ಕಪ್ಪು ಮರದ್ದು, ನಾಲ್ಕನೆಯದು ಮಾತ್ರ ಬಿಳೀ ಮರದ್ದು ಮತ್ತು ಒಂದು ಕೂದಲೆಳೆ ಗಿಡ್ಡ.

"ನೋಡಿ ರಾಯರೇ, ಇದು ಕಲೆ ಅಂದ್ರೆ," ಎಂದರು ಷಡ್ಡಕರು ಕಣ್ಣು ಅರೆಮುಚ್ಚಿ. "ಇಡೀ ನಗರದ ದುಡಿಮೆ ಇದರ ಮೇಲೆ ಕೂತಿದೆ. ಆ ನಾಲ್ಕನೇ ಕಾಲು ಇದೆಯಲ್ಲ, ಅದು ಹೊರಗಿನಿಂದ ಬಂದವನ ಒಂಟಿತನ."

"ಅದು ನೀವು ಹೋದ ವರ್ಷ ಕೂತು ಮುರಿದ ಕಾಲು," ಎಂದರು ರಾಯರು.

ಷಡ್ಡಕರು ಕೇಳಿಸದವರಂತೆ ಇನ್ನೊಂದು ಕಡೆಯಿಂದ ಸ್ಟೂಲನ್ನು ನೋಡತೊಡಗಿದರು. ರಾಯರು ಹಗ್ಗ ಎತ್ತಿ ಒಳಗೆ ಕೈ ಹಾಕಿದ್ದೇ ತಡ, ಕಾವಲುಗಾರ ಓಡಿ ಬಂದ. ಹಗ್ಗದೊಳಗಿರುವುದನ್ನು ಮುಟ್ಟುವ ಹಾಗಿಲ್ಲ ಎಂದ. ಇದು ನನ್ನ ಸ್ಟೂಲಪ್ಪಾ ಎಂದರು ರಾಯರು. ಇಲ್ಲಿರುವುದೆಲ್ಲ ಸಾರ್ವಜನಿಕರದ್ದೇ, ಆದರೆ ಮುಟ್ಟುವ ಹಾಗಿಲ್ಲ ಎಂದ ಅವನು. ಸ್ಟೂಲಿನ ಸುತ್ತ ಹಗ್ಗ ಕಟ್ಟಿದವರು ಯಾರು ಎಂದು ಕೇಳಿದರೆ ಅದೂ ಅವನಿಗೆ ತಿಳಿಯದು. ಕಸ ಗುಡಿಸುವವರು ಯಾರೋ ಎಡವಿ ಬಿದ್ದು, ಬೇರೆಯವರು ಎಡವದಿರಲಿ ಎಂದು ಕಟ್ಟಿದ್ದಿರಬೇಕು. ಆದರೆ ಹಗ್ಗ ಬಿದ್ದ ಮೇಲೆ ಮುಗಿಯಿತು, ಸ್ಟೂಲು ಕೈತಪ್ಪಿ ಹೋದ ಹಾಗೆಯೇ. ತಮ್ಮದೇ ಸ್ಟೂಲನ್ನು ಪರಕೀಯನಂತೆ ದೂರದಿಂದ ನೋಡುತ್ತಾ ರಾಯರು ಕಕ್ಕಾಬಿಕ್ಕಿಯಾಗಿ ನಿಂತರು.

ಅಷ್ಟರಲ್ಲಿ ಮೂರನೆಯ ಕೋಣೆಯಿಂದ ದೊಡ್ಡ ಮೇಡಂ ಅವರ ದನಿ ಕೇಳಿಸಿತು. ಎಲ್ಲರೂ ಅತ್ತ ಹೊರಟರು. ಕೋಣೆ ಕಿಕ್ಕಿರಿದಿತ್ತು. ರಾಯರು ಗಿಡ್ಡ ಆಳು. ಎದುರಿಗಿದ್ದ ಬೆನ್ನುಗಳ ಆಚೆ ಅವರಿಗೆ ಏನೂ ಕಾಣುತ್ತಿರಲಿಲ್ಲ. ಕೇಳಿಸುತ್ತಿತ್ತು ಅಷ್ಟೇ.

"ಈ ಚಿತ್ರ ನಮ್ಮ ಪ್ರದರ್ಶನದ ಪ್ರಾಣ," ಎನ್ನುತ್ತಿದ್ದರು ಮೇಡಂ. "ಮೇಲೆ ಬೀದಿ ನಡುಗುತ್ತಿದೆ. ಕೆಳಗೆ ಅದೇ ಬೀದಿ ನೀರಿನಲ್ಲಿ ನಿಶ್ಚಲವಾಗಿದೆ. ನೋಡಿ, ಅವಸರದಲ್ಲಿ ಓಡುವ ನಾವು ಅಲುಗಾಡುತ್ತೇವೆ. ಮಳೆನೀರು ನಮ್ಮನ್ನು ಸಮಾಧಾನವಾಗಿ ಹಿಡಿದಿಟ್ಟುಕೊಳ್ಳುತ್ತದೆ."

ರಾಯರ ಎದೆ ಧಸಕ್ಕೆಂದಿತು. ನಡುಗುವುದು ಮೇಲೆ! ಹಾಗಾದರೆ ಆಯಮ್ಮನ ಬಾಣ ಸರಿಯಾಗಿಯೇ ಇತ್ತು. ತಾವು ಕೊಂಡಿಯನ್ನು ತಿರುಗಿಸಿ, ಪ್ರದರ್ಶನದ ಪ್ರಾಣವನ್ನೇ ತಲೆಕೆಳಗೆ ನೇತುಹಾಕಿದ್ದಾರೆ!

ಆದರೆ ಯಾರೂ ಯಾಕೆ ಗಲಾಟೆ ಮಾಡುತ್ತಿಲ್ಲ? ರಾಯರು ಸುತ್ತ ನೋಡಿದರು. ಬಾಗಿಲಲ್ಲಿ ಎಲ್ಲರ ಕೈಗೂ ಒಂದು ಅಚ್ಚಾದ ಹಾಳೆ ಕೊಟ್ಟಿದ್ದರು. ಪ್ರತಿಯೊಬ್ಬರೂ ತಲೆ ಬಗ್ಗಿಸಿ ಹಾಳೆ ಓದುತ್ತಾ ಆಹಾ ಎನ್ನುತ್ತಿದ್ದರು. ಷಡ್ಡಕರು ಹಾಳೆಯ ಮೇಲೆ ಬೆರಳಿಟ್ಟುಕೊಂಡು ಓದಿ ಆಹಾ ಎಂದರು. ಗೋಡೆಯ ಕಡೆ ತಲೆ ಎತ್ತಿದವರೇ ಇಲ್ಲ! ಅಂದರೆ ಸತ್ಯ ಇನ್ನೂ ಬಯಲಾಗಿಲ್ಲ. ಯಾರಾದರೊಬ್ಬರು ಕಣ್ಣೆತ್ತಿ ನೋಡುವವರೆಗೆ ಮಾತ್ರ ರಾಯರ ಅಂಗಡಿ ಬದುಕಿದೆ.

ಮೇಡಂ ಮಾತು ಮುಂದುವರಿಸಿದರು. ಈಗ ಎಲ್ಲರೂ ಪಕ್ಕದ ಸಭಾಂಗಣದಲ್ಲಿ ಚಹಾ ತೆಗೆದುಕೊಳ್ಳಬೇಕು. ಆಮೇಲೆ ಚಿತ್ರಗಾರ್ತಿ ಸ್ವತಃ ಬಂದು ಇದೇ ಚಿತ್ರದ ಮುಂದೆ ನಿಂತು ಮಾತಾಡುತ್ತಾರೆ. ಕೊನೆಗೆ ನಮ್ಮ ಕಟ್ಟಿನ ಕೆಲಸದವರ ಬಗ್ಗೆ ಒಂದು ವಿಷಯ ಹೇಳುವುದಿದೆ. ರಾಯರಿಗೆ ಬೆವರು ಕಿತ್ತುಕೊಂಡು ಬಂತು. ಆಯಮ್ಮ ಬಂದು ನಿಂತರೆ ಕಥೆ ಮುಗಿದ ಹಾಗೆ. ಬರೆದವರಿಗೆ ಹಾಳೆ ಬೇಕಾಗುವುದಿಲ್ಲ.

"ಏನೂಂದ್ರೆ, ಆ ನೀರಿನ ಚಿತ್ರದ ವಿಷ್ಯ ನಿಮ್ಗೆ ಒಂದು ಮಾತು..." ಎಂದು ಹೆಂಡತಿ ತೋಳು ಮುಟ್ಟಿದರು.

"ಈಗ ಬೇಡ, ಸುಮ್ನಿರು," ಎಂದರು ರಾಯರು. "ನೀನು ಚಹಾ ಕುಡಿಯೋಕೆ ಹೋಗು. ನಾನು ಸ್ವಲ್ಪ ಚಿತ್ರ ನೋಡ್ಬೇಕು."

ಹೆಂಡತಿ ಅವರ ಹಣೆ ಮುಟ್ಟಿ ನೋಡಿದರು. ಜ್ವರವಿರಲಿಲ್ಲ. ಇನ್ನೊಮ್ಮೆ ಮುಖ ನೋಡಿ, ಭುಜ ಕುಣಿಸಿ, ಷಡ್ಡಕರ ಹಿಂದೆ ಹೋದರು.

ಕೋಣೆ ಖಾಲಿಯಾಯಿತು. ಉಳಿದವನು ಕಾವಲುಗಾರ ಒಬ್ಬ. ಅವನಿಗೂ ಚಹಾದ ವಾಸನೆ ಬಂದಿತ್ತು. ಅವನು ರಾಯರನ್ನು ಮೇಲಿನಿಂದ ಕೆಳಗೆ ನೋಡಿ, ಎಲ್ಲರೂ ಬಿಸ್ಕತ್ತಿಗೆ ಓಡಿದಾಗಲೂ ಚಿತ್ರ ಬಿಟ್ಟು ಕದಲದ ನಿಮ್ಮಂಥವರು ಅಪರೂಪ ಎಂದ. ಒಂದೈದು ನಿಮಿಷ ಇವನ್ನೆಲ್ಲ ನೋಡಿಕೊಳ್ಳುತ್ತೀರಾ, ಮುಖ್ಯವಾಗಿ ಆ ಸ್ಟೂಲನ್ನು ಯಾರೂ ಮುಟ್ಟದ ಹಾಗೆ ನೋಡಿಕೊಳ್ಳಿ ಎಂದು ಹೇಳಿ ಹೊರಟುಹೋದ.

ರಾಯರು ಕ್ಷಣವೂ ತಡಮಾಡದೆ ಆ ಸ್ಟೂಲನ್ನೇ ಎತ್ತಿಕೊಂಡು ಬಂದು ಚಿತ್ರದ ಕೆಳಗಿಟ್ಟು ಹತ್ತಿದರು. ಹತ್ತಿ ಚಿತ್ರವನ್ನು ನೋಡಿದರು. ಮೇಲೆ ಒಂದು ಬೀದಿ, ಕೆಳಗೆ ಒಂದು ಬೀದಿ. ಮೇಲೊಂದು ಬಸ್ಸು, ಕೆಳಗೊಂದು ಬಸ್ಸು. ಯಾವುದು ನಡುಗುತ್ತಿದೆ? ಮೇಲಿನದು ನಡುಗಿದ ಹಾಗೆ ಕಂಡಿತು. ನೋಡುತ್ತಾ ನೋಡುತ್ತಾ ಕೆಳಗಿನದೂ ನಡುಗಿತು. ಗಿಡ್ಡ ಕಾಲಿನ ಸ್ಟೂಲಿನ ಮೇಲೆ ಖುದ್ದು ರಾಯರೇ ನಡುಗುತ್ತಿದ್ದರಿಂದ ಗೋಡೆ, ಕಿಟಕಿ, ಪಕ್ಕದ ತರಕಾರಿ ಮಾರುಕಟ್ಟೆ ಎಲ್ಲವೂ ನಡುಗುತ್ತಿದ್ದವು. ತಲೆ ಕೆಟ್ಟು ಮೊಸರುಗಡಿಗೆಯಾಯಿತು. ಕಡೆಗೆ ರಾಯರು ಕಣ್ಣನ್ನು ನಂಬುವುದು ಬಿಟ್ಟು ಬುದ್ಧಿಯನ್ನು ನಂಬಿದರು. ಲೆಕ್ಕ ಸರಳವಾಗಿತ್ತು: ತಪ್ಪಾಗಿ ಹಾಕಿದವನು ನಾನು, ನಾನು ಹಾಕಿದ್ದು ಹಾಗೇ ಇದೆ, ಆದ್ದರಿಂದ ಇದು ತಪ್ಪಾಗಿದೆ. ತಿರುಗಿಸಿದರೆ ಸರಿಯಾಗುತ್ತದೆ.

ಸ್ಕ್ರೂಡ್ರೈವರು ಅವರ ಷರಟಿನ ಜೇಬಿನಲ್ಲಿಯೇ ಇತ್ತು. ಮದುವೆಗೆ ಹೋಗಲಿ, ಆಸ್ಪತ್ರೆಗೆ ಹೋಗಲಿ, ಅದು ಅಲ್ಲಿರುತ್ತದೆ. ಅವರ ಜೇಬುಗಳೆಲ್ಲ ತೂತಾಗಿರುವುದು ಅದರಿಂದಲೇ. ಚಿತ್ರವನ್ನು ಇಳಿಸಿ, ಮುಖ ಕೆಳಗೆ ಮಾಡಿ ನೆಲದ ಮೇಲೆ ಮಲಗಿಸಿ, ಕೊಂಡಿಗಳನ್ನು ಬಿಚ್ಚಿದರು. ಆಚೆ ತುದಿಯಲ್ಲಿ ಕೊಂಡಿ ಕೂರಿಸಲು ಬೆರಳಿಟ್ಟರೆ ಅಲ್ಲೊಂದು ವಿಚಿತ್ರ. ಟೇಪಿನ ಕೆಳಗೆ ಎರಡು ತೂತು! ಬೇಕಾದ ಜಾಗದಲ್ಲೇ, ಬೇಕಾದ ಅಳತೆಯಲ್ಲೇ, ಯಾರೋ ಇವರಿಗಾಗಿ ಕೊರೆದಿಟ್ಟ ಹಾಗೆ. ಬೇರೆಯವರಾಗಿದ್ದರೆ ಇದು ಎಲ್ಲಿಂದ ಬಂತು ಎಂದು ಒಂದು ಗಳಿಗೆ ಯೋಚಿಸುತ್ತಿದ್ದರು. ರಾಯರು ತಮ್ಮ ಪುಣ್ಯ ದೊಡ್ಡದು ಎಂದುಕೊಂಡು ಸ್ಕ್ರೂ ತಿರುಪಿದರು. ತಂತಿ ಬಿಗಿದು, ಸ್ಟೂಲು ಹತ್ತಿ, ತೂಗುಹಾಕಿ, ನೆಟ್ಟಗೆ ಮಾಡಿ ಇಳಿದರು. ಸ್ಟೂಲನ್ನು ಹಗ್ಗದೊಳಗೆ ಇಡಲು ಓಡುತ್ತಿದ್ದಾಗ ಎದುರಿಗೆ ಕಾವಲುಗಾರ, ಅವನ ಹಿಂದೆ ಇಡೀ ಸಭೆ.

ಚಿತ್ರಗಾರ್ತಿ ಎಲ್ಲರಿಗಿಂತ ಮುಂದೆ ಬಂದು ಚಿತ್ರದ ಮುಂದೆ ನಿಂತರು. ಒಂದು ಹೆಜ್ಜೆ ಹಿಂದಕ್ಕೆ ಹೋದರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು.

"ಇದನ್ನ ಯಾರು ತಿರುಗಿಸಿದ್ದು?" ಎಂದರು ಮೆಲ್ಲಗೆ.

ಕಾವಲುಗಾರ ಸ್ಟೂಲು ತಬ್ಬಿಕೊಂಡಿದ್ದ ರಾಯರ ಕಡೆ ಬೆರಳು ಮಾಡಿದ. ಸಭೆಯ ಅಷ್ಟೂ ತಲೆಗಳು ಹಾಳೆಯಿಂದ ಮೇಲೆದ್ದವು. ರಾಯರಿಗೆ ಓಡಿಹೋಗಬೇಕೆನಿಸಿತು. ಆದರೆ ಸರಿ ಮಾಡಿದವನು ಓಡುವುದು ಯಾಕೆ ಎಂಬ ಹುಮ್ಮಸ್ಸೂ ಒಳಗೊಳಗೆ ಎದ್ದಿತು.

"ನಾನೇ ಅಮ್ಮಾ," ಎಂದರು ಮುಂದೆ ಬಂದು. "ನೀವು ಗಾಬರಿಯಾಗ್ಬೇಡಿ. ಮೊದ್ಲು ತಪ್ಪಾಗಿತ್ತು, ಈಗ ಸರಿಯಾಗಿದೆ."

"ಮೊದ್ಲು ಸರಿ ಇತ್ತು. ಬೆಳಿಗ್ಗೆ ಬಂದು ನಾನೇ ನೋಡಿ ಹೋಗಿದ್ದೀನಿ."

"ಸಾಧ್ಯನೇ ಇಲ್ಲ," ಎಂದರು ರಾಯರು. "ಅದನ್ನ ತಪ್ಪಾಗಿ ಹಾಕಿದವನೇ ನಾನು!"

ತನ್ನ ತಪ್ಪನ್ನು ಸಾಧಿಸಲು ಇಷ್ಟು ಹಟ ಹಿಡಿದ ಮನುಷ್ಯನನ್ನು ಆ ಸಭೆ ಹಿಂದೆ ನೋಡಿರಲಿಲ್ಲ. ದೊಡ್ಡ ಮೇಡಂ ಹಾಳೆ ನೋಡಿದರು, ಗೋಡೆ ನೋಡಿದರು, ಮತ್ತೆ ಹಾಳೆ ನೋಡಿದರು. ಹಾಳೆಯಲ್ಲಿ ನಡುಗುವ ಬೀದಿ ಮೇಲಿದೆ, ಗೋಡೆಯಲ್ಲಿ ಕೆಳಗಿದೆ. ಮೊದಲು ತಪ್ಪಾಗಿದ್ದು ಈಗ ಸರಿಯಾಗಿದ್ದರೆ ಇದೇನು ಎಂದು ಕೇಳಿದರು. ರಾಯರು ತಿರುಗಿ ನೋಡಿದರು. ನಿಜ, ನೆಲದ ಮೇಲೆ ನಿಂತು ನೋಡಿದರೆ ಸ್ಪಷ್ಟವಾಗಿಯೇ ಕಾಣುತ್ತದೆ: ಮೇಲಿನ ಬೀದಿ ಕಂಬದ ಹಾಗೆ ನೆಟ್ಟಗೆ ನಿಂತಿದೆ, ಕೆಳಗಿನದು ಗಡಗಡ ನಡುಗುತ್ತಿದೆ. ತಪ್ಪನ್ನು ತಿರುಗಿಸಿದರೆ ಸರಿಯಾಗಬೇಕು. ಅದು ತಿರುಗಿ ತಪ್ಪೇ ಆಗಿದ್ದು ಹೇಗೆ? ರಾಯರು ಪಿಳಿಪಿಳಿ ಕಣ್ಣು ಬಿಟ್ಟರು. ಷಡ್ಡಕರು ಗಂಟಲು ಸರಿಮಾಡಿಕೊಂಡು, ಬಹುಶಃ ಸರಿ ತಪ್ಪು ಎರಡೂ ಒಂದೇ ಎಂಬುದೇ ಇಲ್ಲಿನ ಸಂದೇಶವಿರಬೇಕು ಎಂದರು. ಯಾರೂ ಅವರ ಮಾತಿಗೆ ಗಮನ ಕೊಡಲಿಲ್ಲ.

ಗುಂಪಿನ ನಡುವಿನಿಂದ ರಾಯರ ಹೆಂಡತಿ ಚಹಾ ಲೋಟವನ್ನು ಕಾವಲುಗಾರನ ಕೈಗೆ ಕೊಟ್ಟು ಮುಂದೆ ಬಂದರು.

"ಆ ಸ್ಕ್ರೂಡ್ರೈವರ್ ಕೊಡಿ ಇಲ್ಲಿ," ಎಂದರು ಗಂಡನಿಗೆ.

ರಾಯರು ಕೊಟ್ಟರು. ಆಕೆ ಸ್ಟೂಲು ಹತ್ತಿ ಚಿತ್ರ ಇಳಿಸಿದರು. ಬೆನ್ನು ಮೇಲೆ ಮಾಡಿ ಕೊಂಡಿ ಬಿಚ್ಚುತ್ತಾ, ಈರುಳ್ಳಿ ಹೆಚ್ಚುವಾಗ ಮಾತಾಡುವ ಅದೇ ಧಾಟಿಯಲ್ಲಿ ವಿಷಯ ಬಿಚ್ಚಿದರು. ಚಿತ್ರ ತಂದ ದಿನವೇ ಚಿತ್ರಗಾರ್ತಿ ಯಾವುದು ಮೇಲೆ, ಯಾಕೆ ಮೇಲೆ ಎಂದು ಬಿಡಿಸಿ ಹೇಳಿದ್ದರು. ಆಮೇಲೆ ಅದು ಒಲೆಯ ಪಕ್ಕ ನಿಂತಷ್ಟು ದಿನವೂ, ಅನ್ನ ಬೇಯುವವರೆಗೆ ಇನ್ನೇನು ಮಾಡುವುದು ಎಂದು, ತಾವು ಅದನ್ನೇ ನೋಡುತ್ತಿದ್ದರು. ಕೊಡೆ ಹಿಡಿದವನು ನಡುಗುತ್ತಾ ಹೋಗುತ್ತಾನೆ, ನೀರಿನಲ್ಲಿ ಮಾತ್ರ ಅವನಿಗೆ ನೆಮ್ಮದಿ. ನೋಡಿ ನೋಡಿ ಅವನ ಮೇಲೆ ಪಾಪ ಅನಿಸಿಬಿಟ್ಟಿತ್ತು. ಹಾಗಿರುವಾಗ ಇವರು ಕೊಂಡಿ ತಿರುಗಿಸಿ ವ್ಯಾನು ತರಲು ಓಡಿದರು. ತಾವು ಕೊಂಡಿ ಬಿಚ್ಚಿ ಬಾಣದ ಕಡೆಗೆ ಹಾಕಿ, ಹಳೆಯ ತೂತುಗಳ ಮೇಲೆ ಟೇಪು ಅಂಟಿಸಿದರು.

ಆ ತೂತುಗಳು! ರಾಯರಿಗೆ ಎಲ್ಲ ಹೊಳೆಯಿತು. ಪುಣ್ಯ ಎಂದುಕೊಂಡದ್ದು ತಾವೇ ಕೊರೆದ ಪಾಪವಾಗಿತ್ತು.

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ ನೀನು?"

"ಹೇಳೋಕೆ ಬಂದೆ. ಮನೇಲಿ ಬಾಯಿ ತೆಗೆದೆ, ನೀವು ಓಡಿದ್ರಿ. ಇಲ್ಲಿ ಬಾಯಿ ತೆಗೆದೆ, ಸುಮ್ನಿರು ಅಂದ್ರಿ. ಸುಮ್ನಿದ್ದೆ."

ರಾಯರು ಕೈ ಹಿಂದಕ್ಕೆ ಕಟ್ಟಿಕೊಂಡು ಒಂದು ಮೂಲೆಯಲ್ಲಿ ಸುಮ್ಮನೆ ನಿಂತರು. ಬೆಳಿಗ್ಗೆ ಘೋಷಿಸಿದ್ದು ಅಷ್ಟು ಮಾತ್ರ ನೆರವೇರಿತ್ತು. ಚಿತ್ರ ಗೋಡೆಗೆ ಏರಿತು, ಮೇಲಿನ ಬೀದಿ ನಡುಗಿತು, ಕೊಡೆಯವನು ನೀರಿನಲ್ಲಿ ನೆಮ್ಮದಿಯಾದ. ದೊಡ್ಡ ಮೇಡಂ ಚಿತ್ರದ ಮೂಲೆಯನ್ನು ಬೆರಳಿನಿಂದ ಸವರಿದರು. ರಾಯರು ತಮ್ಮ ಅಂಗಡಿಯ ಷಟರು ಇಳಿಯುವ ಸದ್ದನ್ನು ಸ್ಪಷ್ಟವಾಗಿ ಕೇಳಿಸಿಕೊಂಡರು.

"ಕಟ್ಟು ಬಹಳ ಚೆನ್ನಾಗಿದೆ," ಎಂದರು ಮೇಡಂ ಕೊನೆಗೆ. ಇಡೀ ದಿನದಲ್ಲಿ ಈ ಮಾತು ಹೇಳಿದವರು ಅವರೊಬ್ಬರೇ. ಆಮೇಲೆ ಎಲ್ಲರಿಗೂ ಕೇಳಿಸುವಂತೆ, ಸಂಗ್ರಹಾಲಯದ ಚಿತ್ರಗಳೆಲ್ಲ ಇನ್ನು ಇವರ ಅಂಗಡಿಗೇ ಹೋಗುತ್ತವೆ, ಆದರೆ ಒಂದು ಷರತ್ತು ಎಂದರು. ಪ್ರತಿ ಚಿತ್ರದ ಬೆನ್ನಿನ ಮೇಲೂ ಸ್ಕ್ರೂಡ್ರೈವರ್ ಹಿಡಿದ ಈ ಅಮ್ಮನವರು ತಮ್ಮ ಕೈಯಾರೆ ಬಾಣ ಬರೆದಿರಬೇಕು. ಅದಿಲ್ಲದ ಚಿತ್ರ ಗೋಡೆ ಹತ್ತುವುದಿಲ್ಲ. ಜನ ಚಪ್ಪಾಳೆ ತಟ್ಟಿದರು. ಕುಣಿಯಬೇಕೋ ತಲೆ ತಗ್ಗಿಸಬೇಕೋ ತಿಳಿಯದೆ ರಾಯರೂ ತಟ್ಟಿದರು. ತಟ್ಟುತ್ತಿರುವುದು ತಮ್ಮ ಹೆಂಡತಿಗೆ ಎಂಬುದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಸ್ಟೂಲನ್ನು ಬಿಡಿಸಿಕೊಳ್ಳುವುದಕ್ಕೆ ಮೇಡಂ ಅವರೇ ಮಾತಾಡಬೇಕಾಯಿತು. ಕಾವಲುಗಾರ ಅದನ್ನು ಒಲ್ಲದ ಮನಸ್ಸಿನಿಂದ ಕೊಟ್ಟ. ಷಡ್ಡಕರು ದಾರಿಯುದ್ದಕ್ಕೂ ಅದನ್ನು ತಾವೇ ಹೊರುತ್ತೇನೆ ಎಂದರು. ಹೊತ್ತದ್ದು ರಾಯರೇ.

ಮನೆಗೆ ಬಂದ ಮೇಲೆ ಹೆಂಡತಿಯದೂ ಒಂದು ಷರತ್ತು ಹೊರಬಿತ್ತು. ಇನ್ನು ಮೇಲೆ ಯಾವುದೇ ಚಿತ್ರ ಬರಲಿ, ಅಳತೆಪಟ್ಟಿ ತೆಗೆಯುವ ಮುಂಚೆ ರಾಯರು ಅದರ ಮುಂದೆ ಕೂತು, ಕಣ್ಣುಬಿಟ್ಟು ನೋಡಿ, ಅದರಲ್ಲಿ ಏನಿದೆ ಎಂದು ಹೇಳಬೇಕು. ಹೇಳಿದ ಮೇಲೆಯೇ ಗರಗಸ. ರಾಯರು ಗೊಣಗಿದರು. ಗೊಣಗಿ ಒಪ್ಪಿದರು.

ಹೊಸ ಕೆಲಸದ ಮೊದಲ ಚಿತ್ರ ಕಳಿಸಿದವರು ಅದೇ ಬೆಳ್ಳಿಕೂದಲಿನ ಚಿತ್ರಗಾರ್ತಿ. ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ರಾಯರು ಕಾಗದ ಬಿಚ್ಚಿ, ಅಭ್ಯಾಸಬಲದಿಂದ ಜೇಬಿನ ಅಳತೆಪಟ್ಟಿಗೆ ಕೈಹಾಕಿದರು. ಹೆಂಡತಿ ಅದನ್ನು ಕಿತ್ತುಕೊಂಡು ಬೆನ್ನ ಹಿಂದೆ ಹಿಡಿದರು.

"ಮೊದ್ಲು ನೋಡಿ. ಏನಿದೆ ಹೇಳಿ."

ರಾಯರು ಸ್ಟೂಲಿನ ಮೇಲೆ ಕೂತು ನೋಡಿದರು. ಮೊದಲು ಎರಡು ಬೈ ಎರಡೂವರೆ ಕಂಡಿತು. ಕಷ್ಟಪಟ್ಟು ಅದನ್ನು ಪಕ್ಕಕ್ಕೆ ಸರಿಸಿದರು. ನಿಧಾನಕ್ಕೆ ಒಳಗಿನದು ಒಂದೊಂದಾಗಿ ಕಾಣತೊಡಗಿತು. ಒಂದು ಬೀದಿ. ಬೀದಿಯಲ್ಲಿ ಒಂದು ಅಂಗಡಿ. ಅಂಗಡಿಯೊಳಗೆ ಒಬ್ಬ ಗಿಡ್ಡ ಮನುಷ್ಯ, ಲೋಕಕ್ಕೆಲ್ಲ ಬೆನ್ನು ತಿರುಗಿಸಿ ಕೂತು ಏನೋ ಬಡಿಯುತ್ತಿದ್ದಾನೆ. ಹಿಂದೆ ಒಬ್ಬಳು ಹೆಂಗಸು ಕೈ ಎತ್ತಿ ಅಂಗಡಿಯ ಬೋರ್ಡಿನ ಕಡೆ ತೋರಿಸುತ್ತಿದ್ದಾಳೆ. ಬೋರ್ಡು ತಲೆಕೆಳಗಾಗಿದೆ. ರಾಯರಿಗೆ ನಗು ತಡೆಯಲಾಗಲಿಲ್ಲ. ಚಿತ್ರ ನೋಡುವುದು ಇಷ್ಟು ಮಜವಾಗಿರುತ್ತದೆ ಎಂದು ಅವರಿಗೆ ಈವರೆಗೆ ಗೊತ್ತೇ ಇರಲಿಲ್ಲ.

"ಎಂಥ ಬೆಪ್ಪು ನೋಡೇ ಇವನು," ಎಂದರು ತೊಡೆ ತಟ್ಟಿಕೊಂಡು. "ತನ್ನ ಅಂಗಡಿ ಬೋರ್ಡೇ ಉಲ್ಟಾ ಹಾಕಿದಾನೆ. ಹೆಂಡ್ತಿ ಪಾಪ ಹೇಳಿ ಹೇಳಿ ಸಾಯ್ತಿದಾಳೆ, ಮಹರಾಯನಿಗೆ ಕಿವಿನೇ ಇಲ್ಲ."

"ಹ್ಞೂಂ. ಇನ್ನೂ ನೋಡಿ."

"ಇನ್ನೇನಿದೆ? ಒಂದು ಸ್ಟೂಲಿನ ಮೇಲೆ ಕೂತಿದಾನೆ. ಸ್ಟೂಲಿಗೆ ಮೂರು ಕಾಲು ಕಪ್ಪು, ಒಂದು ಕಾಲು..."

ರಾಯರು ಮೆಲ್ಲಗೆ ಬಗ್ಗಿ, ತಾವು ಕೂತಿದ್ದ ಸ್ಟೂಲಿನ ಕಾಲುಗಳನ್ನು ನೋಡಿದರು. ಆಮೇಲೆ ಚಿತ್ರ ನೋಡಿದರು. ಮತ್ತೆ ಕಾಲು ನೋಡಿದರು.

"ಪುಣ್ಯಕ್ಕೆ ಸ್ಟೂಲಿನ ಗುರುತಾದ್ರೂ ಸಿಕ್ತಲ್ಲ," ಎಂದರು ಹೆಂಡತಿ. ಪೆನ್ಸಿಲು ತೆಗೆದುಕೊಂಡು, ಚಿತ್ರವನ್ನು ತಿರುಗಿಸಿ, ಬೆನ್ನಿನ ಮೇಲೆ ದಪ್ಪಗೆ ಒಂದು ಬಾಣ ಬರೆದು ಒಳಗೆ ಹೋದರು.

ರಾಯರು ಎದ್ದು ಬೀದಿಗೆ ಇಳಿದರು. ಆಚೆ ಬದಿಗೆ ದಾಟಿ ನಿಂತು ತಮ್ಮ ಅಂಗಡಿಯ ಬೋರ್ಡನ್ನು ನೋಡಿದರು. ನೆಟ್ಟಗೇ ಇದ್ದ ಹಾಗಿತ್ತು. ತಲೆ ಓರೆ ಮಾಡಿ ನೋಡಿದರು. ಆಗಲೂ ನೆಟ್ಟಗೇ ಇದ್ದ ಹಾಗಿತ್ತು. ಆದರೆ ಈಗೀಗ ಅವರಿಗೆ ಯಾವುದರ ಮೇಲೂ ಅಷ್ಟು ಧೈರ್ಯವಿಲ್ಲ.

"ಏನೇ, ಒಂದ್ನಿಮಿಷ ಬಂದು ಇದು ನೆಟ್ಟಗಿದೆಯಾ ನೋಡ್ತೀಯಾ?" ಎಂದು ಕೂಗಿದರು. ಕೂಗಿ, ಉತ್ತರ ಬರುವವರೆಗೂ ಅಲ್ಲೇ ನಿಂತಿದ್ದರು.